ದೆರ್ಕೆಂಬಾಯನ ಗಂಟು

ದೆರ್ಕೆಂಬಾಯ್ ಕಳ್ಳ ಎಂದು ಸಗಿನಾಲಿ ಬಹಳ ವರ್ಷ ನಂಬಿಕೊಂಡಿದ್ದ. ಯಾರೋ ಹೇಳಿದ್ದನ್ನು ಕೇಳಿ ನಂಬಿದ್ದಲ್ಲ, ಕಣ್ಣಾರೆ ಕಂಡು ನಂಬಿದ್ದು. ಕಿರ್ಗಿಜ್ ಬೆಟ್ಟಸೀಮೆಯ ನಮ್ಮ ಊರು ಕೋಕ್‌ತೆರೆಕ್‌ನಲ್ಲಿ ಮದುವೆಯಿರಲಿ, ತೊಟ್ಟಿಲಿಗೆ ಹಾಕುವ ಊಟವಿರಲಿ, ಸತ್ತವರ ವರ್ಷದೂಟವಿರಲಿ, ಕುರಿ ಕಡಿದು, ಬೇಯಿಸಿ, ಯಾವ ತುಂಡು ಯಾರ ಮುಂದೆ ಹೋಗಬೇಕು ಎಂದು ತಟ್ಟೆಗೆ ಹಾಕುವವನು ದೆರ್ಕೆಂಬಾಯ್. ಉಂಡವರು ತಮ್ಮ ಪಾಲಿನಲ್ಲಿ ಒಂದಿಷ್ಟನ್ನು ಮನೆಯವರಿಗೆಂದು ಕಟ್ಟಿಕೊಂಡು ಹೋಗುವುದು ನಮ್ಮಲ್ಲಿ ಪದ್ಧತಿ. ಕಟ್ಟಿಕೊಳ್ಳದೆ ಎದ್ದರೆ ಮನೆಯೊಡತಿಯ ಮುಖ ಚಿಕ್ಕದಾಗುತ್ತದೆ. ಆದರೆ ಜನ ಮುಂಬಾಗಿಲಿನಿಂದ, ಗಂಟು ನಾಲ್ಕು ಜನಕ್ಕೆ ಕಾಣುವ ಹಾಗೆ ಹಿಡಿದುಕೊಂಡು ಹೋಗುತ್ತಾರೆ. ದೆರ್ಕೆಂಬಾಯ್ ಹಿತ್ತಲಿನಿಂದ ಹೋಗುತ್ತಿದ್ದ. ಹೂವಿನ ಬಟ್ಟೆಯ ಗಂಟನ್ನು ಕೋಟಿನೊಳಗೆ ತುರುಕಿ, ಆ ಕಡೆ ಈ ಕಡೆ ನೋಡಿ, ಕಾಲುವೆ ದಂಡೆಯ ಓಣಿಯಲ್ಲಿ ಮಾಯವಾಗುತ್ತಿದ್ದ. ಅವನ ಮನೆ ಇದ್ದದ್ದೇ ಇನ್ನೊಂದು ದಿಕ್ಕಿಗೆ.

"ಕದಿಯದೇ ಇರೋ ಮಾಲು ಕೋಟಿನೊಳಗೆ ಯಾಕೆ ಹೋಗುತ್ತೆ?" ಎಂದು ಸಗಿನಾಲಿ ಹೆಂಡತಿಯನ್ನು ಕೇಳಿದ್ದ.

"ಚಳಿಗೆ" ಎಂದಿದ್ದಳು ಅವಳು.

ಹೆಂಡತಿಗೆ ಮನುಷ್ಯಸ್ವಭಾವ ತಿಳಿಯದು ಎಂದು ಅವನು ತೀರ್ಮಾನಿಸಿದ್ದ.

ಸಗಿನಾಲಿ ನಮ್ಮ ತಮಾದಾ. ಅಂದರೆ ಔತಣಗಳಲ್ಲಿ ಬಟ್ಟಲು ಎತ್ತಿ ಹಿಡಿದು, ಉಣ್ಣಿಸುವವರನ್ನು ಉಣ್ಣುವವರ ಎದುರಿಗೆ ಹೊಗಳುವವನು. ಮೊದಲು ಶಾಲೆಯಲ್ಲಿ ಪದ್ಯ ಪಾಠ ಹೇಳುತ್ತಿದ್ದ, ಮಕ್ಕಳು ಕೇಳಿಸಿಕೊಳ್ಳುತ್ತಿರಲಿಲ್ಲ. ಉಂಡ ಜನ ಕೇಳಿಸಿಕೊಳ್ಳುತ್ತಾರೆ, ಏಳಲಾರರಲ್ಲ. ಅವನ ವಿಶೇಷ ಪರಿಣತಿ ಎಂದರೆ ಲಂಚಗುಳಿತನಕ್ಕೆ ಎದುರಾದ ಮಾತುಗಳು. ನಿಷ್ಕಳಂಕ, ಶುದ್ಧಹಸ್ತ, ಹಾಲಿನಂಥ ಮನಸ್ಸಿನವ, ಇನ್ನೊಬ್ಬರ ಕುದುರೆಯ ಲಗಾಮನ್ನೂ ಮುಟ್ಟದವ. ಇವು ಅವನ ನಾಲಗೆಯ ಮೇಲೆ ದರ್ಜೆವಾರು ಕೂತಿರುತ್ತಿದ್ದವು. ಶಾಲು ಹೊದಿಸಿದವನು "ಒಳ್ಳೆಯ ಮನುಷ್ಯ" ಆಗುತ್ತಿದ್ದ. ಬೂಟು ಕೊಡಿಸಿದವನು "ನೇರ ನಡೆಯವ". ಕಸೂತಿಯ ನಿಲುವಂಗಿ ತೊಡಿಸಿದವನು ಮಾತ್ರ "ಶುದ್ಧಹಸ್ತ". ಬೆಟ್ಟದ ದೇವದಾರುಗಳನ್ನು ರಾತ್ರೋರಾತ್ರಿ ಲಾರಿಗೆ ಏರಿಸಿದ ಅರಣ್ಯ ಕಾವಲುಗಾರ ನಮ್ಮೂರಿನ ಮೊದಲ ಶುದ್ಧಹಸ್ತ. ಆಮೇಲೆ ಇನ್ನೂ ಕೆಲವರಾದರು. ಕೊನೆಗೆ ಹುಡುಗರು ಅಡಿಗೆಮನೆಗೆ ನುಗ್ಗುವ ಒಂದು ಹಳದಿ ನಾಯಿಗೆ ಅದೇ ಹೆಸರಿಟ್ಟರು. ತನ್ನ ಮಾತು ಜನರ ಬಾಯಲ್ಲಿ ಬೇರುಬಿಡುತ್ತಿದೆ ಎಂದು ಸಗಿನಾಲಿ ಹಿಗ್ಗಿದ್ದ.

ದೆರ್ಕೆಂಬಾಯ್‌ಗೆ ಇಂಥ ಒಂದು ಪದವೂ ಯಾವತ್ತೂ ಸಿಕ್ಕಿರಲಿಲ್ಲ. ಅವನು ಸರ್ಕಾರಿ ಕುರಿ ಫಾರ್ಮಿನಲ್ಲಿ ಕುರಿ ಕಡಿಯುವವನಾಗಿದ್ದ. ಫಾರ್ಮು ಮುಚ್ಚಿದ ವರ್ಷ ಮಂದೆಯನ್ನು ಮನೆಮನೆಗೆ ಹಂಚುವ ಕೆಲಸ ಅವನ ತಲೆಗೆ ಬಂತು. ಆಗ ಫಾರ್ಮಿನ ಗುಮಾಸ್ತನಾಗಿದ್ದ ರಿಸ್ಕೆಲ್ದಿ, "ಆ ಕಪ್ಪು ಟಗರುಗಳು ನಮ್ಮನೆ ಕಡೆ ಮುಖ ಮಾಡಿವೆ ನೋಡು" ಎಂದನಂತೆ. "ಗಾಳಿ ಆ ಕಡೆಯಿಂದ ಬರ್ತಾ ಇದೆ, ಅದಕ್ಕೆ" ಎಂದು ದೆರ್ಕೆಂಬಾಯ್ ಚೀಟಿ ಎತ್ತಿಸಿಬಿಟ್ಟ. ಅವನ ಸ್ವಂತ ಪಾಲಿಗೆ ಬಂದದ್ದು ಹಲ್ಲುದುರಿದ ಮುದಿ ಕುರಿ. ಹೆಂಡತಿ ಸಾಕಿಶ್ ಆ ಚಳಿಗಾಲವಿಡೀ ಬಾಗಿಲಿಗೆ ಬಂದವರಿಗೆಲ್ಲ ಅದನ್ನು ತೋರಿಸಿದಳು. "ಊರಿಗೆಲ್ಲ ಕುರಿ ಹಂಚಿ, ಮನೆಗೆ ಒಬ್ಬಳು ಅಜ್ಜಿ ಕರ್ಕೊಂಡು ಬಂದಿದಾನೆ. ಗಂಜಿ ಕುಡಿಸ್ತಾ ಇದೀನಿ."

ಹಾಗೆಂದು ಅವನೇನು ದೇವರಂಥ ಮನುಷ್ಯನಲ್ಲ. ಕೋಪಿಷ್ಠ. ಹಂಡೆಯ ಹತ್ತಿರ ಬಂದವರನ್ನು ಸೌಟು ತೋರಿಸಿ ಓಡಿಸುತ್ತಾನೆ. ಇಸ್ಪೀಟಿನಲ್ಲಂತೂ ನಾಚಿಕೆಗೆಟ್ಟ ಮೋಸಗಾರ. ಅವನ ಜತೆ ಆಡಿ ಗೆದ್ದವರು ಕೋಕ್‌ತೆರೆಕ್‌ನಲ್ಲಿಲ್ಲ. ಇದೂ ಸಗಿನಾಲಿಯ ಲೆಕ್ಕಕ್ಕೆ ಸೇರಿತ್ತು.

ಈ ಲೆಕ್ಕವೆಲ್ಲ ಉಪಯೋಗಕ್ಕೆ ಬರುವ ಕಾಲ ಒಂದು ಬೇಸಿಗೆಯಲ್ಲಿ ಬಂತು. ಸಗಿನಾಲಿಯ ಮಗಳನ್ನು ನರೀನ್ ಪಟ್ಟಣದ ಎಸೆನಮಾನ್ ಎಂಬುವರ ಮಗನಿಗೆ ಕೊಟ್ಟಿತ್ತು. ಬೀಗರು ಮೊದಲ ಸಲ ಊರಿಗೆ ಬರುತ್ತಿದ್ದರು. ಮದುವೆಯ ಮಾತುಕತೆಯ ಹುರುಪಿನಲ್ಲಿ ಸಗಿನಾಲಿ ಅವರಿಗೆ ಒಂದು ಮಾತು ಹೇಳಿಬಿಟ್ಟಿದ್ದ. "ನಮ್ಮೂರಲ್ಲಿ ನಾನು ಕೂರೋ ತನಕ ಹಂಡೆ ಮುಚ್ಚಳ ತೆಗೆಯಲ್ಲ" ಎಂದು. ಬೀಗರು ಬರುವ ವಾರವೇ ರಿಸ್ಕೆಲ್ದಿಯ ಅರುವತ್ತರ ಔತಣ. ಗುಮಾಸ್ತನಾಗಿದ್ದ ರಿಸ್ಕೆಲ್ದಿ ಈಗ ಊರಿನ ಆಡಳಿತದ ಮುಖ್ಯಸ್ಥ; ಹೊಳೆ ದಂಡೆಯ ಜಮೀನೆಲ್ಲ ಅವನ ಭಾವಮೈದುನರ ಹೆಸರಿಗೆ ಹೇಗೆ ಹರಿದುಹೋಯಿತು ಎಂಬುದು ಹೊಳೆಗೂ ಗೊತ್ತು. ಔತಣಕ್ಕೆ ಬೀಗರಿಗೂ ಕರೆ ಬಂತು.

ಸಗಿನಾಲಿಗೆ ನಿದ್ದೆ ಹಾರಿಹೋಯಿತು. ಮಾತಿನಲ್ಲಿ ಯಾರನ್ನು ಬೇಕಾದರೂ ಮೇಲೇರಿಸಬಹುದು, ತಟ್ಟೆಯಲ್ಲಿ ಆಗುವುದಿಲ್ಲ. ನಮ್ಮಲ್ಲಿ ಮನುಷ್ಯನ ಸ್ಥಾನ ಅವನ ಮುಂದೆ ಬರುವ ಮೂಳೆಯಲ್ಲಿರುತ್ತದೆ. ಹಿರಿಯರಿಗೂ ಬೀಗರಿಗೂ ಜಂಬಾಶ್, ಅಂದರೆ ಸೊಂಟದ ತುಂಡು. ಊರಿನ ಹಿರಿಯ ಹೆಂಗಸಿಗೆ ಕೊಬ್ಬು ಸುತ್ತಿದ ಬಾಲದ ಮೂಳೆ. ಹೀಗೆ ಇಳಿಯುತ್ತಾ ಬಂದು, ಐವತ್ತು ದಾಟಿ ಅರುವತ್ತು ಮುಟ್ಟದ ಸಗಿನಾಲಿಯಂಥವರಿಗೆ ಪಕ್ಕೆಲುಬು. ಬೀಗರ ಮುಂದೆ ಸೊಂಟ, ಅವರ ಪಕ್ಕದಲ್ಲೇ ಕೂತ ತನ್ನ ಮುಂದೆ ಪಕ್ಕೆಲುಬು ಬಂದರೆ, ಹಂಡೆ ಮುಚ್ಚಳದ ಮಾತು ಏನಾಗಬೇಕು?

ಅವನು ಒಂದು ಬಿಳಿ ಕಾಲ್ಪಾಕ್, ಅಂದರೆ ಉಣ್ಣೆಯ ಎತ್ತರದ ಟೋಪಿ, ಹೊಲಿಸಿದ. ಅದರಲ್ಲೊಂದು ಉಪಾಯವಿತ್ತು. ಚಹಾ, ಸಕ್ಕರೆ ತಂದರೆ ದೆರ್ಕೆಂಬಾಯ್ ಬೇಡ ಎನ್ನಬಹುದು. ತಲೆಗೆಂದು ತಂದ ಕಾಲ್ಪಾಕನ್ನು ಕಿರ್ಗಿಜನಾಗಿ ಹುಟ್ಟಿದವನು ಬೇಡ ಎನ್ನುವಂತಿಲ್ಲ; ಅದು ಕೊಟ್ಟವನ ತಲೆಯನ್ನೇ ನೂಕಿದ ಹಾಗೆ.

ಅವನು ದೆರ್ಕೆಂಬಾಯನ ಮನೆಗೆ ಹೋದಾಗ ಗಂಡ ಹೆಂಡತಿ ಎಲೆ ಆಡುತ್ತಾ ಕೂತಿದ್ದರು.

"ಬಾ ತಮಾದಾ, ಸರಿಯಾದ ಹೊತ್ತಿಗೆ ಬಂದೆ" ಎಂದಳು ಸಾಕಿಶ್. "ಇವನು ತೋಳೊಳಗೆ ಎಕ್ಕ ಇಟ್ಕೊಂಡಿದಾನೆ. ನೀನೇ ಸಾಕ್ಷಿ."

"ಇಲ್ಲ" ಎಂದ ದೆರ್ಕೆಂಬಾಯ್.

ಅವಳು ಅವನ ತೋಳು ಹಿಡಿದು ಕೊಡವಿದಳು. ಎಕ್ಕ ಬಿತ್ತು.

"ಈಗ ಇಲ್ಲ" ಎಂದ.

ಸಗಿನಾಲಿಗೆ ಧೈರ್ಯ ಬಂತು. ಕಾಲ್ಪಾಕನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದ. "ಅಣ್ಣ, ನಿನ್ನ ತಲೆಗೆ ಅಂತಲೇ ಹೊಲಿಸಿದ್ದು."

"ಏನಕ್ಕೆ?"

"ಸುಮ್ನೆ. ಪ್ರೀತಿಗೆ."

"ಸುಮ್ನೇನಾ?"

"ಸುಮ್ನೇ ಅಣ್ಣ."

"ಹಂಗಾದ್ರೆ ಸರಿ" ಎಂದು ದೆರ್ಕೆಂಬಾಯ್ ತಲೆಗಿಟ್ಟುಕೊಂಡು, ಕಿಟಕಿಯ ಗಾಜಿನಲ್ಲಿ ನೋಡಿಕೊಂಡ. ಚೆನ್ನಾಗಿಯೇ ಕಾಣುತ್ತಿತ್ತು.

ಬಾಗಿಲವರೆಗೆ ಹೋದ ಸಗಿನಾಲಿ, ಆಗಷ್ಟೇ ನೆನಪಾದವನಂತೆ ತಿರುಗಿದ. "ರಿಸ್ಕೆಲ್ದಿ ಮನೆ ಊಟಕ್ಕೆ ನಮ್ಮ ಬೀಗರು ಬರ್ತಾರೆ. ನನ್ನ ಪಕ್ಕದಲ್ಲೇ ಕೂರ್ತಾರೆ."

"ಬೀಗರಿಗೆ ಸೊಂಟ. ಗೊತ್ತು."

"ಅವರ ಪಕ್ಕದಲ್ಲಿ ಕೂತೋನಿಗೂ..."

"ಅವನಿಗೂ ಇಡ್ತೀನಪ್ಪ. ಅವನೊಬ್ಬನ್ನ ಉಪವಾಸ ಕೂರಿಸಕ್ಕಾಗತ್ತಾ?"

ಇಷ್ಟೇ ಮಾತು. ಸಗಿನಾಲಿ ದಾರಿಯುದ್ದಕ್ಕೂ ಶಿಳ್ಳೆ ಹಾಕುತ್ತಾ ಮನೆಗೆ ಹೋದ. ಮುಟ್ಟದೆ, ಮೈಲಿಗೆಯಾಗದೆ, ವ್ಯವಹಾರ ಎಷ್ಟು ಚೊಕ್ಕಟವಾಗಿ ಮುಗಿಯಿತು! ಇಬ್ಬರು ತಿಳಿದವರ ನಡುವೆ ಹೀಗೇ ಇರಬೇಕು.

ಔತಣದ ದಿನ ರಿಸ್ಕೆಲ್ದಿಯ ಅಂಗಳದಲ್ಲಿ ಉಣ್ಣೆಯ ಗುಡಾರ ಎದ್ದಿತ್ತು. ಒಳಗೆ ಹಾಸಿನ ಸುತ್ತ ಹಿರಿಯರು, ಬಾಗಿಲಿಗೆ ಎದುರಾದ ಗೌರವದ ಜಾಗದಲ್ಲಿ ಎಸೆನಮಾನ್, ಅವರ ಪಕ್ಕಕ್ಕೆ ಸಗಿನಾಲಿ. ಎಸೆನಮಾನ್ ಕಡಿಮೆ ಮಾತಿನವರು. ಒಂದು ಮಾತು ಆಡಿದರೆ, ಕೇಳಿಸಿಕೊಂಡವನಿಗೆ ಅದನ್ನು ಮುಖದಿಂದ ಒರೆಸಿಕೊಳ್ಳಲು ಇಡೀ ದಿನ ಬೇಕಾಗುತ್ತಿತ್ತು. ಸಗಿನಾಲಿ ಕುದುರೆಹಾಲಿನ ಬಟ್ಟಲು ಹಿಡಿದು ಸಣ್ಣಪುಟ್ಟ ಹೊಗಳಿಕೆಗಳನ್ನು ಮುಗಿಸಿದ. ದೊಡ್ಡದು ಮಾಂಸ ಬಂದ ಮೇಲೆ. ಅದಕ್ಕೆ ರಿಸ್ಕೆಲ್ದಿ ನಿಲುವಂಗಿ ಮಡಿಸಿ ಇಟ್ಟುಕೊಂಡಿದ್ದು ಎಲ್ಲರಿಗೂ ಕಾಣುತ್ತಿತ್ತು.

ತಟ್ಟೆಗಳು ಬಂದವು. ಎಸೆನಮಾನರ ಮುಂದೆ ಸೊಂಟದ ತುಂಡು, ದಪ್ಪನೆಯದು, ಹೊಗೆಯಾಡುವುದು. ಎದುರಿಗೆ ಕೂತಿದ್ದ, ಒಂದೇ ಹಲ್ಲಿನ, ಎರಡೂ ಕಿವಿ ಕೇಳದ ಮುದುಕ ಕುರುಬನಿಗೂ ಸೊಂಟದ ತುಂಡು. ಸಗಿನಾಲಿ ಬೆನ್ನು ನೆಟ್ಟಗೆ ಮಾಡಿ, ತನ್ನ ತಟ್ಟೆಯ ಕಡೆ ನೋಡದೆ, ಬೀಗರು ಅದನ್ನು ನೋಡಲಿ ಎಂದು ಕಾದ.

ಅವರು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ತಮ್ಮ ತುಂಡಿನಿಂದ ಒಂದಿಷ್ಟು ಕೊಯ್ದು, ಅವನ ತಟ್ಟೆಯಲ್ಲಿದ್ದ ಪಕ್ಕೆಲುಬಿನ ಪಕ್ಕದಲ್ಲಿ ಇಟ್ಟರು.

"ತಗೊಳ್ಳಿ ಬೀಗರೇ. ಹಂಡೆ ಮುಚ್ಚಳ ತೆಗೆದಿದಾರೆ."

ಸಗಿನಾಲಿಯ ಕಿವಿಗಳು ಕೆಂಡವಾದವು. ಕೈ ತೊಳೆಯುವ ನೆಪದಲ್ಲಿ ಎದ್ದು, ಗುಡಾರದ ಹಿಂದೆ ಹಂಡೆಯ ಹತ್ತಿರ ಹೋದ. ದೆರ್ಕೆಂಬಾಯ್ ಅಲ್ಲಿ ಹೊಸ ಬಿಳಿ ಕಾಲ್ಪಾಕ್ ಇಟ್ಟುಕೊಂಡು, ಮೊಣಕೈವರೆಗೆ ಜಿಡ್ಡಾಗಿ, ಚಾಕು ಒರೆಸುತ್ತಿದ್ದ. ಸಾಕಿಶ್ ಬಟ್ಟಲು ತೊಳೆಯುತ್ತಿದ್ದಳು. ಆ ಕಾಲ್ಪಾಕ್ ಕಂಡದ್ದೇ ತಡ, ತಮಾದಾನ ಹದವೂ ಅಳತೆಯೂ ಸಗಿನಾಲಿಯಿಂದ ಜಾರಿಹೋದವು.

"ನಾನು ಕೊಟ್ಟಿದ್ದು ತಲೆ ಮೇಲಿಟ್ಕೊಂಡು ನನಗೇ ಪಕ್ಕೆಲುಬು ಕಳಿಸ್ತೀಯಾ?"

"ಪಕ್ಕೆಲುಬಿಗೆ ಏನಾಗಿದೆ? ಬೆಂದಿಲ್ವಾ?"

"ಕಾಲ್ಪಾಕ್ ಯಾಕೆ ಕೊಟ್ಟೆ ನಾನು?"

"ಸುಮ್ನೆ ಅಂದ್ಯಲ್ಲ."

"ಸುಮ್ನೆ ಯಾವನಾದ್ರೂ ಕೊಡ್ತಾನೇನಯ್ಯಾ? ಸೊಂಟದ ತುಂಡಿಗೆ ಅಂತ ಕೊಟ್ಟಿದ್ದು! ಮೂರು ದಿನ ಕೂತು ಹೊಲಿಸಿದೀನಿ ಅದನ್ನ!"

ಬಟ್ಟಲಿನ ಸದ್ದು ನಿಂತಿತು. ಸಾಕಿಶ್ ಅವನನ್ನಲ್ಲ, ಅವನ ಹಿಂದೆ ನೋಡುತ್ತಿದ್ದಳು. ಸಗಿನಾಲಿ ತಿರುಗಿದ. ಕೈ ತೊಳೆಯಲು ಎದ್ದು ಬಂದಿದ್ದ ಎಸೆನಮಾನ್ ತೋಳು ಮಡಿಚಿಕೊಂಡು ನಿಂತಿದ್ದರು. ಅವರ ಕೈಗೆ ನೀರು ಹಾಕಬೇಕಾದ ರಿಸ್ಕೆಲ್ದಿಯ ಸೊಸೆ ಕೆಟಲ್ ಬಗ್ಗಿಸುವುದನ್ನೇ ಮರೆತಿದ್ದಳು. ಅವಳ ಹಿಂದೆ ಇನ್ನೂ ನಾಲ್ಕಾರು ಜನ.

ಆಡಿದ ಮಾತನ್ನು ನುಂಗುವ ವಿದ್ಯೆ ಇದ್ದಿದ್ದರೆ ಸಗಿನಾಲಿ ಅದನ್ನು ಮೂಳೆ ಸಮೇತ ನುಂಗುತ್ತಿದ್ದ. ಅದಿಲ್ಲದ್ದರಿಂದ ಮುಳುಗುವವನು ಪಕ್ಕದವನ ಕೊರಳು ಹಿಡಿಯುವ ಹಾಗೆ ದೆರ್ಕೆಂಬಾಯನ ಮೇಲೆ ಬಿದ್ದ.

"ನನ್ನನ್ನೇನು ನೋಡ್ತೀರಿ ಎಲ್ಲಾರೂ? ಇವನನ್ನ ನೋಡಿ! ಊಟ ಊಟಕ್ಕೂ ಕೋಟಲ್ಲಿ ಗಂಟು ಬಚ್ಚಿಟ್ಕೊಂಡು ಹೋಗ್ತಾನಲ್ಲ, ಅದೇನು ಅಂತ ಕೇಳಿ! ಏಯ್, ಬಿಚ್ಚಯ್ಯ ಅದನ್ನ!"

ಗಂಟು ಅಲ್ಲೇ ಇತ್ತು, ಒಲೆಯ ಪಕ್ಕದ ಕಲ್ಲಿನ ಮೇಲೆ, ಕೋಟಿನ ಕೆಳಗೆ. ದೆರ್ಕೆಂಬಾಯ್ ಅದರ ಮುಂದೆ ಬಂದು ನಿಂತ. ಅವನ ಮುಖ ಮೊದಲ ಸಲ ಕಳೆಗುಂದಿತು.

"ಬೇಡ ಬಿಡು ಸಗಿನಾಲಿ. ಹೋಗು, ಊಟ ಮಾಡು."

"ಹೆದರಿಕೆನಾ?"

"ಬೇಡ ಅಂದೆ."

"ನೋಡಿದ್ರಾ? ನೋಡಿದ್ರಾ?" ಸಗಿನಾಲಿ ಜನರ ಕಡೆ ಕೈ ಚಾಚಿದ, ಬಟ್ಟಲು ಎತ್ತುವಾಗ ಚಾಚುವ ಹಾಗೆಯೇ.

"ಸಾಕು!" ಎಂದು ಸಾಕಿಶ್ ಎದ್ದಳು. "ನಿನಗೆ ಮರ್ಯಾದೆ ಉಳಿಸಕ್ಕೆ ಅಂತ ಈ ಮುದುಕ ಕಳ್ಳನ ಥರ ಓಡಾಡಿದ್ದು ಸಾಕು!" ಗಂಡನನ್ನು ಪಕ್ಕಕ್ಕೆ ನೂಕಿ ಗಂಟು ಬಿಚ್ಚಿದಳು. ಒಳಗೆ ರೊಟ್ಟಿಯ ಮೇಲೆ ಬಾಲದ ಮೂಳೆ, ಸುತ್ತಲೂ ಬಿಳಿ ಕೊಬ್ಬು, ಇನ್ನೂ ಬಿಸಿ.

"ಯಾರದು ಹೇಳು. ತಮಾದಾ ಅಲ್ವಾ ನೀನು? ಯಾವ ತುಂಡು ಯಾರದು ಅಂತ ಗೊತ್ತಿರಬೇಕಲ್ಲ?"

ಗೊತ್ತಿತ್ತು. ಊರಿನ ಹಿರಿಯ ಹೆಂಗಸಿನ ಪಾಲು. ಊರಿಗೆ ಹಿರಿಯಳು ಯಾರು? ಬುರುಲ್ಚಾ. ಸಗಿನಾಲಿಯ ಅವ್ವ.

ಅವಳ ಮೊಣಕಾಲು ಹಿಡಿದುಕೊಂಡು ವರ್ಷಗಳಾಗಿದ್ದವು, ಔತಣಗಳಿಗೆ ಬರಲಾಗುತ್ತಿರಲಿಲ್ಲ. ನಮ್ಮ ಪದ್ಧತಿಯಂತೆ ಕಿರಿಯ ಮಗನ ಮನೆಯಲ್ಲಿ, ಕಾಲುವೆಯ ಓಣಿಯಲ್ಲಿ ಇದ್ದಳು. ಕಿರಿಯವನು ಬೇಸಿಗೆಯೆಲ್ಲ ಮಂದೆಯ ಜತೆ ಬೆಟ್ಟದಲ್ಲಿ, ಅವನ ಹೆಂಡತಿ ಎಳೆಮಕ್ಕಳ ಜತೆ ಮನೆಯಲ್ಲಿ. ಊಟದಿಂದ ಅವಳ ಪಾಲು ಒಯ್ಯಬೇಕಾದವನು ಹಿರಿಯ ಮಗ. ಹಿರಿಯ ಮಗನ ಒಂದು ಕೈಯಲ್ಲಿ ಬಟ್ಟಲು, ಇನ್ನೊಂದರಲ್ಲಿ ಯಾರೋ ಕೊಟ್ಟ ನಿಲುವಂಗಿ. ಕೊಬ್ಬು ಸೋರುವ ಗಂಟು ಹಿಡಿದು ಓಣಿಯಲ್ಲಿ ನಡೆಯುವುದು ತಮಾದಾನಿಗೆ ಒಪ್ಪುವುದೇ?

"ಪಾಲು ಅವಳದ್ದು. ಹೋಗಬೇಕಲ್ಲ" ಎಂದ ದೆರ್ಕೆಂಬಾಯ್, ತಪ್ಪು ಮಾಡಿದವನ ಹಾಗೆ. "ನೀನು ಒಯ್ಯಲ್ಲ. ನಾನು ಒಯ್ತೀನಿ ಅಂತ ಗೊತ್ತಾದ್ರೆ ಜನ ನಿನ್ನ ಬೈತಾರೆ. ಅದಕ್ಕೆ ಹಿತ್ತಲಿನಿಂದ."

"ಅವ್ವಂಗೆ... ಏನು ಹೇಳ್ತೀಯ?"

"ಸಗಿನಾಲಿ ಕಳಿಸಿದ ಅಂತೀನಿ."

ಆಗ ಸಗಿನಾಲಿಗೆ ನೆನಪಾಯಿತು. ಎಂದಾದರೂ ಅವ್ವನನ್ನು ನೋಡಲು ಹೋದಾಗ ಅವಳು ಅವನ ಕೈ ಹಿಡಿದು, "ಮಾಂಸ ಮೆತ್ತಗಿತ್ತು ಮಗಾ" ಎನ್ನುತ್ತಿದ್ದಳು. ವಯಸ್ಸಾಯಿತು, ಏನೇನೋ ಮಾತಾಡುತ್ತಾಳೆ ಎಂದುಕೊಂಡು ಅವನು "ಹೂಂ ಅವ್ವ, ಹೂಂ" ಎನ್ನುತ್ತಿದ್ದ.

ಎಸೆನಮಾನ್ ಕೈ ಚಾಚಿದರು. ಸೊಸೆ ನೀರು ಹಾಕಿದಳು. ಅವರು ಒಂದೊಂದೇ ಬೆರಳು ತೊಳೆದರು, ಒರೆಸಿಕೊಂಡರು, ಒಳಗೆ ಹೋದರು.

ಒಳಗೆ ದೊಡ್ಡ ಹೊಗಳಿಕೆಯ ಸಮಯವಾಗಿತ್ತು. ರಿಸ್ಕೆಲ್ದಿ ನಿಲುವಂಗಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಹೊಗಳಿಸಿಕೊಳ್ಳುವ ಮುಖ ಮಾಡಿಕೊಂಡು ಕೂತಿದ್ದ. ಯಾರೋ ಸಗಿನಾಲಿಯ ಕೈಗೆ ಬಟ್ಟಲು ಕೊಟ್ಟರು. ಅವನು ನಿಂತ. ಗುಡಾರದ ತೆರೆದ ಬಾಗಿಲಿನಿಂದ ಹಂಡೆಯ ಹೊಗೆ, ಹೊಗೆಯ ನಡುವೆ ಒಂದು ಬಿಳಿ ಕಾಲ್ಪಾಕ್ ಕಾಣುತ್ತಿತ್ತು.

ರಿಸ್ಕೆಲ್ದಿಯ ಬಗ್ಗೆ ಇವತ್ತು ಬೇಡ ಎನ್ನಿಸಿತು. ಆ ಕಾಲ್ಪಾಕಿನ ಕೆಳಗಿರುವವನ ಬಗ್ಗೆ ಎರಡು ಮಾತು ಹೇಳಿಬಿಡೋಣ, ಅಷ್ಟಾದರೂ ತೀರಲಿ. ನಾಲಗೆಯ ಮೇಲೆ ತಡಕಾಡಿದ. ನಿಷ್ಕಳಂಕ? ಅದನ್ನು ಔಷಧಿ ಅಂಗಡಿಯವನಿಗೆ ಕೊಟ್ಟಾಗಿದೆ. ಹಾಲಿನಂಥ ಮನಸ್ಸು? ಅದು ಹೋದ ವರ್ಷ ಕಾಲುವೆಯ ಸಿಮೆಂಟು ತಿಂದ ಗುತ್ತಿಗೆದಾರನ ಹತ್ತಿರ ಇದೆ. ಒಂದೊಂದನ್ನೂ ಯಾರೋ ತೊಟ್ಟು ಕಳಚಿದ್ದರು. ಎಲ್ಲದರಲ್ಲೂ ಅವರ ಬೆವರಿನ ವಾಸನೆ. ಉಳಿದದ್ದು ಒಂದು.

"ಬಂಧುಗಳೇ" ಎಂದ. "ಈ ಅಂಗಳದಲ್ಲಿ ಇವತ್ತು ಒಬ್ಬ ಶುದ್ಧಹಸ್ತ..."

"ಥೂ, ಶುದ್ಧಹಸ್ತ! ತುಂಡು ಬಿಡೋ, ಹಾಳಾಗಿಹೋಗ!" ಎಂದು ಹೊರಗೆ ಸಾಕಿಶ್ ಕಿರುಚಿದ್ದು, ಆ ಹಳದಿ ನಾಯಿ ಕುಂಯ್‌ಗುಟ್ಟಿ ಓಡಿದ್ದು, ಎರಡೂ ಒಟ್ಟಿಗೆ ಕೇಳಿಸಿದವು.

ಇಡೀ ಗುಡಾರ ನಕ್ಕಿತು. ಕಿವುಡ ಮುದುಕನೂ ಎಲ್ಲರ ಮುಖ ನೋಡಿ ನಕ್ಕ. ರಿಸ್ಕೆಲ್ದಿ, ಆ ಪದ ತನಗೆ ಬಂದದ್ದೆಂದು ತಿಳಿದು ಅರ್ಧ ಬಾಗಿದ್ದವನು, ಅಲ್ಲೇ ಕೆಂಪಾದ. ಸಗಿನಾಲಿ ಬಟ್ಟಲು ಹಿಡಿದು ನಿಂತೇ ಇದ್ದ. ತನ್ನ ಜೀವಮಾನದ ಮಾತು ಊರಿನಲ್ಲಿ ಎಲ್ಲಿ ಬೇರುಬಿಟ್ಟಿದೆ ಎಂದು ಅವನಿಗೆ ಅರ್ಥವಾದ ಮೊದಲ ಗಳಿಗೆ ಅದು.

"ಉಣ್ಣಿ" ಎಂದ ಕೊನೆಗೆ. "ಆರಿಹೋಗುತ್ತೆ."

ಕೂತುಬಿಟ್ಟ. ನಿಲುವಂಗಿ ರಿಸ್ಕೆಲ್ದಿಯ ತೊಡೆಯ ಮೇಲೇ ಉಳಿಯಿತು.

ಇಳಿಹೊತ್ತಿಗೆ ಸಗಿನಾಲಿ ಹಂಡೆಯ ಹತ್ತಿರ ಬಂದು, ಯಾರನ್ನೂ ಕೇಳದೆ, ಗಂಟು ಕಟ್ಟಿ ಎತ್ತಿಕೊಂಡ. ಹಿತ್ತಲಿನಿಂದ ಹೋಗಲು ಒಂದು ಹೆಜ್ಜೆ ಇಟ್ಟವನು ನಿಂತು, ತಿರುಗಿ, ಮುಂಬಾಗಿಲಿನಿಂದ ಹೋದ. ಬೇಲಿಯುದ್ದಕ್ಕೂ ನಿಂತಿದ್ದವರು ದಾರಿ ಬಿಟ್ಟರು. ಅಂಗಿಯ ಮೇಲೆ ಕೊಬ್ಬು ಸೋರಿತು. ಓಣಿ ಇಷ್ಟು ಉದ್ದ ಎಂದು ಅವನಿಗೆ ಗೊತ್ತಿರಲಿಲ್ಲ.

ಬುರುಲ್ಚಾ ಕಿಟಕಿಯ ಹತ್ತಿರ ದಿಂಬಿಗೆ ಒರಗಿದ್ದಳು. ಗಂಟನ್ನು ನೋಡಿದಳು, ಹಿಡಿದ ಕೈಯನ್ನು ನೋಡಿದಳು.

"ಇವತ್ತು ನೀನು ತಂದ್ಯಾ? ದೆರ್ಕೆಂಬಾಯ್‌ಗೆ ಹುಷಾರಿಲ್ವಾ?"

"ಅವ್ವ... ನಿನಗೆ ಗೊತ್ತಿತ್ತಾ?"

"ಎಲೆ ಆಟದಲ್ಲಿ ಏನು ಬೇಕಾದ್ರೂ ಮಾಡ್ತಾನೆ, ಬಾಯಲ್ಲಿ ಸುಳ್ಳು ಹೇಳಕ್ಕೆ ಬರಲ್ಲ ಅವನಿಗೆ. ಸಗಿನಾಲಿ ಕಳಿಸಿದ ಅಂತಾನೆ, ಗೋಡೆ ನೋಡ್ತಾನೆ."

"ಮತ್ತೆ ನನಗ್ಯಾಕೆ ಹೇಳ್ತಿದ್ದೆ, ಮಾಂಸ ಮೆತ್ತಗಿತ್ತು ಅಂತ?"

"ಹೇಳ್ತಾ ಇದ್ರೆ ಒಂದು ದಿನ ತರ್ತೀಯ ಅಂತ" ಎಂದಳು ಅವ್ವ. ಮೂಳೆಯಿಂದ ಒಂದು ತುಂಡು ಬಿಡಿಸಿ, ಅವನಿಗೇ ಮೊದಲು ಕೊಟ್ಟಳು.

ವಾಪಸು ಬಂದಾಗ ದೆರ್ಕೆಂಬಾಯ್ ಹಂಡೆಯೊಳಗೆ ಅರ್ಧ ಇಳಿದು ಬೂದಿ ಹಾಕಿ ಉಜ್ಜುತ್ತಿದ್ದ. ಕಾಲ್ಪಾಕ್ ಮಸಿಯಾಗಬಾರದೆಂದು ಬೇಲಿಯ ಗೂಟಕ್ಕೆ ಸಿಕ್ಕಿಸಿದ್ದ. ಸಗಿನಾಲಿ ಕಲ್ಲಿನ ಮೇಲೆ ಕೂತ. ಕ್ಷಮೆ ಕೇಳಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ. ಬೀಗರು ಬೆಳಿಗ್ಗೆ ಹೊರಡುತ್ತಾರೆ. ಮಗಳು ಆ ಮನೆಯಲ್ಲಿ ಇನ್ನೂ ಎಷ್ಟೋ ವರ್ಷ ಚಹಾ ಬಗ್ಗಿಸಬೇಕು. ಪ್ರತಿ ಸಲ ಅವರು ಅವಳ ಮುಖದಲ್ಲಿ ಹಂಡೆ ಮುಚ್ಚಳ ನೋಡುತ್ತಾರೆ. ಇದನ್ನೆಲ್ಲ ಹೇಳಬೇಕು ಎಂದು ಬಾಯಿ ತೆರೆದ. ಐವತ್ತಾರು ವರ್ಷದ ಅಭ್ಯಾಸ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಬಂದದ್ದು ಇಷ್ಟು.

"ಅಲ್ಲ ಅಣ್ಣ, ಆ ಸೊಂಟದ ತುಂಡು ನನಗೆ ಬರಬೇಕು ಅಂದ್ರೆ ನಾನೇನು ಮಾಡಬೇಕು?"

ದೆರ್ಕೆಂಬಾಯ್ ಹಂಡೆಯೊಳಗಿಂದ ತಲೆ ಕೂಡ ಎತ್ತಲಿಲ್ಲ.

"ಮುದುಕ ಆಗು" ಎಂದ.